ಎಪ್ಪತ್ತೊಂದನೆಯ ಪುಟದ ಊರು

ಮಾವ್‌ಖರ್, ಶಿಲ್ಲಾಂಗ್
12 ಫೆಬ್ರವರಿ 1998

ಸೆಲ್ಫಾಯ್ ಪ್ರವಾಸಿ ಮಂದಿರದ ಮೇಲ್ವಿಚಾರಕರಿಗೆ,

ನಮ್ಮದು ಒಂದು ಚಿಕ್ಕ ಪ್ರಕಾಶನ. ಈಶಾನ್ಯದ ಏಳು ರಾಜ್ಯಗಳಲ್ಲಿ ದೊಡ್ಡ ಪಟ್ಟಣಗಳನ್ನು ದಾಟಿ ಒಳಗೆ ಹೋದರೆ ನೋಡುವುದಕ್ಕೆ, ಮಾಡುವುದಕ್ಕೆ ಏನೇನಿದೆ ಎಂದು ತಿಳಿಸುವ ಪುಸ್ತಕವೊಂದನ್ನು ತರುತ್ತಿದ್ದೇವೆ. ಗುವಾಹಾಟಿ, ಶಿಲ್ಲಾಂಗ್, ಐಜಾಲ್‌ಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಸೆಲ್ಫಾಯ್ ಬಗ್ಗೆ ನೀವೇ ಹೇಳಬೇಕು. ನಿಮ್ಮೂರಿನಲ್ಲಿ ನೋಡತಕ್ಕದ್ದೇನು, ಬಂದವರು ಮಾಡಬಹುದಾದ್ದೇನು, ಊಟಕ್ಕೆ ಏನು ಸಿಗುತ್ತದೆ, ತಲುಪುವುದು ಹೇಗೆ? ಎರಡೆರಡು ಸಾಲು ಬರೆದರೂ ಸಾಕು.

ಫಿಡಾಲಿಯಾ ನೊಂಗ್‌ರುಮ್
ಸಂಪಾದಕಿ

*

ಸೆಲ್ಫಾಯ್, ಮಿಜೋರಾಂ
20 ಮಾರ್ಚ್ 1998

ಮಾನ್ಯರೇ,

ನೋಡತಕ್ಕದ್ದು ಏನೂ ಇಲ್ಲ. ರಸ್ತೆಯ ಎರಡೂ ಕಡೆ ತಗಡಿನ ಮನೆಗಳು, ಒಂದು ನೀರಿನ ತೊಟ್ಟಿ, ಒಂದು ಚರ್ಚು. ಮಾಡುವುದಕ್ಕೆ ನಡೆದಾಡಬಹುದು. ಊಟಕ್ಕೆ ಅನ್ನ, ಸಾಸಿವೆ ಸೊಪ್ಪು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ. ಅಡುಗೆ ನಾನೇ ಮಾಡುತ್ತೇನೆ. ಐಜಾಲ್‌ನಿಂದ ಸುಮೋ ಗಾಡಿ ವಾರಕ್ಕೆ ಮೂರು ಸಲ ಬರುತ್ತದೆ, ಮಳೆಗಾಲದಲ್ಲಿ ಬಂದರೆ ಬಂತು. ಮಂದಿರದಲ್ಲಿ ನಾಲ್ಕು ಕೋಣೆಗಳಿದ್ದು ಮೂರು ಸೋರುವುದಿಲ್ಲ. ಹೋದ ವರ್ಷ ಐದು ಜನ ಬಂದಿದ್ದರು: ಚಿಟ್ಟೆ ಹಿಡಿಯುವವರು ಒಬ್ಬರು, ರಸ್ತೆ ಅಳೆಯುವವರು ಇಬ್ಬರು, ದಾರಿ ತಪ್ಪಿದವರು ಇಬ್ಬರು.

ಲಿಯಾನ್‌ಕುಂಗ
ಮೇಲ್ವಿಚಾರಕ

*

ಶಿಲ್ಲಾಂಗ್
9 ಏಪ್ರಿಲ್ 1998

ಪು ಲಿಯಾನ್‌ಕುಂಗ ಅವರಿಗೆ,

ನಿಮ್ಮಲ್ಲಿ ಹಿರಿಯ ಗಂಡಸರನ್ನು ‘ಪು’ ಎಂದು ಕರೆಯುತ್ತಾರೆಂದು ತಿಳಿದುಕೊಂಡೇ ಬರೆಯುತ್ತಿದ್ದೇನೆ. ನಿಮ್ಮ ಪತ್ರ ಓದಿ ನಕ್ಕೆ. ನನ್ನ ಜೊತೆ ಇನ್ನೊಬ್ಬರೂ ನಕ್ಕರು. ಆದರೆ ‘ಏನೂ ಇಲ್ಲ’ ಎನ್ನುವುದನ್ನು ಒಪ್ಪಲಾರೆ. ಹೋದ ವಾರವಷ್ಟೇ ಅರುಣಾಚಲದ ಜಿರೋದಿಂದ ಬಂದೆ. ಅಲ್ಲಿಯ ಮೇಲ್ವಿಚಾರಕರೂ ಮೊದಲು ಏನೂ ಇಲ್ಲವೆಂದೇ ಬರೆದಿದ್ದರು. ಹೋಗಿ ನೋಡಿದರೆ ಭತ್ತದ ಗದ್ದೆಯ ನೀರಲ್ಲೇ ಮೀನು ಸಾಕುತ್ತಾರೆ. ಬದುವಿನ ಮೇಲೆ ಕೂತರೆ ಕಾಲ ಬಳಿ ಮೀನು ಬಂದು ಹೋಗುತ್ತದೆ. ಅಲ್ಲಿದ್ದವರಿಗೆ ಅದು ಬರೀ ಗದ್ದೆ.

ನೀವು ಒಂದು ಸಂಜೆ ಕೂತು, ನಿಮ್ಮೂರು ಎಂದ ಕೂಡಲೇ ಮನಸ್ಸಿಗೆ ಏನು ಬರುತ್ತದೋ ಅದನ್ನು ಬರೆಯಿರಿ. ನನ್ನ ಮೊದಲ ಪತ್ರದ ಪ್ರಶ್ನೆಗಳನ್ನು ಮರೆತುಬಿಡಿ.

ಫಿಡಾಲಿಯಾ

*

ಸೆಲ್ಫಾಯ್
30 ಮೇ 1998

ಕಾಂಗ್ ಫಿಡಾಲಿಯಾ ಅವರಿಗೆ,

ನಿಮ್ಮ ಕಡೆ ಅಕ್ಕನಿಗೆ ಕಾಂಗ್ ಎನ್ನುತ್ತಾರಂತೆ, ಅಂಚೆಯವನು ಹೇಳಿದ. ನೀವು ಹೇಳಿದ ಹಾಗೆ ಕೂತೆ. ಒಂದು ಸಂಜೆ ಸಾಲಲಿಲ್ಲ, ಒಂಬತ್ತು ದಿನ ಬರೆದೆ.

ನಮ್ಮೂರು ಬೆಟ್ಟದ ಬೆನ್ನಿನ ಮೇಲಿದೆ. ಬೆಳಿಗ್ಗೆ ಎದ್ದರೆ ಕೆಳಗಿನ ಕಣಿವೆ ಇರುವುದಿಲ್ಲ, ಮೋಡ ತುಂಬಿ ನಿಂತಿರುತ್ತದೆ. ಅದರ ಆಚೆ ದಡದಲ್ಲಿ ಬರ್ಮಾದ ಬೆಟ್ಟಗಳು. ಬಿಸಿಲೇರಿದಂತೆ ಮೋಡ ಇಳಿದು, ಮೊದಲು ಒಂದು ಮರದ ತುದಿ, ಆಮೇಲೆ ಹೊಳೆಯ ತಿರುವು ಕಾಣುತ್ತವೆ. ಊರಿನ ತಲೆಗೆ ಒಂದು ಚಪ್ಪಟೆ ಬಂಡೆ. ಮೂವತ್ತು ಜನ ಕೂರಬಹುದು. ಸಂಜೆ ಹೊಲದಿಂದ ಬಂದವರು ಬೆನ್ನ ಮೇಲಿನ ಬುಟ್ಟಿ ಇಳಿಸುವುದು ಅಲ್ಲೇ, ಸುದ್ದಿ ಹುಟ್ಟುವುದೂ ಅಲ್ಲೇ. ಬಂಡೆಯ ಪಕ್ಕ ಸತ್ತ ಬೇಟೆಗಾರರ ನೆನಪಿನ ಕಲ್ಲುಗಳಿವೆ; ಕೊಂಬಿನ ಕಾಡೆಮ್ಮೆ, ಆನೆ, ಬಂದೂಕು ಹಿಡಿದ ಮನುಷ್ಯ ಕೆತ್ತಿದ್ದಾರೆ. ಕಿತ್ತಳೆ ತೋಟ ದಾಟಿ ಇಳಿದರೆ ಒಸರು ನೀರು, ಏಪ್ರಿಲ್‌ನಲ್ಲೂ ಹಲ್ಲು ಜುಂ ಎನ್ನುತ್ತದೆ. ಹುಡುಗಿಯರು ಬಿದಿರಿನ ಕೊಳವೆಗಳಲ್ಲಿ ನೀರು ತರುತ್ತಾರೆ. ಅವರ ಹಿಂದೆ ಹೋಗುವ ಗಂಡುಗಳನ್ನು ನೋಡಿ ಮುದುಕಿಯರು, ‘ಏನಪ್ಪಾ, ನಿಮ್ಮನೇಲಿ ಎಲ್ರಿಗೂ ಒಟ್ಟಿಗೇ ಬಾಯಾರಿಕೆ ಆಯ್ತಾ?’ ಎನ್ನುತ್ತಾರೆ.

ಚರ್ಚಿನ ಡೋಲಿಗೆ ಮೂಲೆಮನೆಯವನೇ ಚರ್ಮ ಕಟ್ಟುತ್ತಾನೆ. ಅದರ ಸದ್ದು ಎದುರು ಬೆಟ್ಟಕ್ಕೆ ತಾಗಿ ಇನ್ನೊಂದು ಚರ್ಚು ಇದೆಯೇನೋ ಎಂಬಂತೆ ತಿರುಗಿ ಬರುತ್ತದೆ.

ಇಷ್ಟು ಬರೆದು ಓದಿಕೊಂಡೆ. ಬಹಳ ದಿನದ ಮೇಲೆ ನಿದ್ದೆ ಬಂತು.

ಲಿಯಾನ್‌ಕುಂಗ

*

ಶಿಲ್ಲಾಂಗ್
17 ಜುಲೈ 1998

ಪು ಲಿಯಾನ್‌ಕುಂಗ,

ಇಷ್ಟೆಲ್ಲ ಇಟ್ಟುಕೊಂಡು ‘ಏನೂ ಇಲ್ಲ’ ಎಂದಿರಲ್ಲ! ನಿಮ್ಮ ಪತ್ರವನ್ನು ನಮ್ಮ ಮನೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಓದಿದ್ದಾಗಿದೆ. ‘ಆ ಬಂಡೆ ಮೇಲೆ ಅಷ್ಟೊತ್ತು ಕೂತ್ರೆ ಸೊಂಟಕ್ಕೆ ಥಂಡಿ ಹಿಡಿಯಲ್ವಾ, ಕೇಳು’ ಎಂದು ಒಬ್ಬರು ವಿಚಾರಿಸಿದ್ದಾರೆ.

ಹೋದ ವಾರ ದೋಣಿಯಲ್ಲಿ ಮಾಜುಲಿ ದ್ವೀಪಕ್ಕೆ ಹೋಗಿದ್ದೆ. ಬಿದಿರಿನ ಹೆಣಿಗೆಗೆ ಮಣ್ಣು, ಸಗಣಿ ಮೆತ್ತಿ ನಾಟಕದ ಮುಖವಾಡ ಮಾಡುವವರ ಜೊತೆ ಒಂದು ಮಧ್ಯಾಹ್ನ ಕಳೆದೆ. ಒಬ್ಬ ಮುದುಕರು ನನ್ನ ಮುಖಕ್ಕೆ ರಾಕ್ಷಸಿಯ ಮುಖ ಹಿಡಿದು ನೋಡಿ ‘ಅಳತೆ ಸರಿಹೋಯ್ತು’ ಎಂದರು. ಆದರೂ ಹೇಳುತ್ತೇನೆ, ಈ ಪುಸ್ತಕದಲ್ಲಿ ನಿಮ್ಮೂರಿನ ಪುಟಕ್ಕೆ ಸಾಟಿಯಿಲ್ಲ.

ಒಂದೇ ಒಂದು ವಿವರ ಬೇಕು. ಪ್ರವಾಸಿ ಮಂದಿರದಿಂದ ಬಂಡೆಗೆ ಎಷ್ಟು ದೂರ?

ಫಿಡಾಲಿಯಾ

*

ಸೆಲ್ಫಾಯ್
26 ಆಗಸ್ಟ್ 1998

ಕಾಂಗ್,

ದಾರಿ ಬಲ್ಲವರಿಗೆ ದೂರವಿಲ್ಲ. ಸೊಂಟದ ಬಗ್ಗೆ ಕೇಳಿದವರಿಗೆ ಹೇಳಿ, ಇಡೀ ದಿನ ಬಿಸಿಲು ಕುಡಿದ ಬಂಡೆ ಅದು, ಸಂಜೆಗೆ ಬೆಚ್ಚಗಿರುತ್ತದೆ.

ಇಲ್ಲಿ ಮಳೆ. ಹನ್ನೊಂದು ದಿನದಿಂದ ಸುಮೋ ಇಲ್ಲ.

ಲಿಯಾನ್‌ಕುಂಗ

*

ಶಿಲ್ಲಾಂಗ್
22 ಫೆಬ್ರವರಿ 1999

ಪು ಲಿಯಾನ್‌ಕುಂಗ,

ಪುಸ್ತಕ ಬಂತು. ನಿಮಗೊಂದು ಪ್ರತಿ ಕಳಿಸಿದ್ದೇನೆ, ಎಪ್ಪತ್ತೊಂದನೆಯ ಪುಟ ನೋಡಿ. ಒಂದಕ್ಷರ ತಿದ್ದಿಲ್ಲ. ಈ ಚಳಿಗಾಲದಲ್ಲಿ ನಿಮ್ಮ ನಾಲ್ಕನೆಯ ಕೋಣೆಯ ಮಾಡನ್ನೂ ರಿಪೇರಿ ಮಾಡಿಸಬೇಕಾದೀತು.

ಫಿಡಾಲಿಯಾ

*

ಸೆಲ್ಫಾಯ್
8 ಏಪ್ರಿಲ್ 1999

ಕಾಂಗ್,

ಪುಸ್ತಕ ತಲುಪಿತು. ಕಾಗದ ಒಳ್ಳೆಯದು. ನಾನು ಬರೆದದ್ದನ್ನು ಅಚ್ಚಿನಲ್ಲಿ ಓದಿದರೆ ಬೇರೆ ಥರ ಇರುತ್ತದೆ. ಪ್ರತಿ ಸಾಲಿನಲ್ಲೂ ‘ಇದೆ’, ‘ಇದೆ’ ಎಂದಿದೆ. ಹೌದು, ನಾನೇ ಹಾಗೆ ಬರೆದದ್ದು.

ಪುಸ್ತಕವನ್ನು ಊರಿನಲ್ಲಿ ಯಾರಿಗೂ ತೋರಿಸಿಲ್ಲ.

ಲಿಯಾನ್‌ಕುಂಗ

*

ಶಿಲ್ಲಾಂಗ್
19 ನವೆಂಬರ್ 1999

ಶ್ರೀ ಲಿಯಾನ್‌ಕುಂಗ ಅವರಿಗೆ,

ಜೋರ್ಹಾಟ್‌ನ ನಿವೃತ್ತ ಶಿಕ್ಷಕ ಹೇಮಕಾಂತ ಬರಕಟಕಿ ಅವರು ಆಸ್ಪತ್ರೆಯಿಂದ ನಮಗೆ ಪತ್ರ ಬರೆದಿದ್ದಾರೆ. ಅವರು ಹೆಂಡತಿಯೊಂದಿಗೆ ನಮ್ಮ ಪುಸ್ತಕ ಹಿಡಿದು ನಿಮ್ಮಲ್ಲಿಗೆ ಬಂದರು. ಬಂಡೆ ಎಲ್ಲಿ ಎಂದು ನಿಮ್ಮನ್ನೇ ಕೇಳಿದರು. ನೀವು ಪೂರ್ವದ ಬೆಟ್ಟ ತೋರಿಸಿದಿರಿ. ಅವರು ಬೆಳಿಗ್ಗೆ ಹೊರಟು ಇಡೀ ದಿನ ಮುಳ್ಳು, ಬಿದಿರಿನ ಮೆಳೆಗಳಲ್ಲಿ ಅಲೆದು, ಕೊರಕಲಿಗೆ ಬಿದ್ದು, ಕಾಲಿನ ಮೂಳೆ ಮುರಿದುಕೊಂಡಿದ್ದಾರೆ. ಹೊತ್ತು ಮುಳುಗುವಾಗ ನೀವೂ ಊರಿನ ಯುವಕರೂ ಹುಡುಕಿಕೊಂಡು ಹೋದಿರಂತೆ. ಊರು ಬಿಡುವಾಗ ಅವರ ಹೆಂಡತಿ ಅಂಗಡಿಯವಳನ್ನು ಕೇಳಿದ್ದಾರೆ. ಅಂಗಡಿಯವಳು ಹೇಳಿದ್ದಿಷ್ಟು: ‘ಬಂಡೆನಾ? ಕಿತ್ತಳೆ ತೋಟನಾ? ಇಲ್ಲಿ ಎಂಥದೂ ಇಲ್ಲಮ್ಮ. ಯಾರು ಹೇಳಿದ್ರು ನಿಮಗೆ?’

ಸೆಲ್ಫಾಯ್‌ನಲ್ಲಿ ಅದೊಂದೂ ಇಲ್ಲ. ಇದು ನಿಜವೇ? ಎಪ್ಪತ್ತೊಂದನೆಯ ಪುಟ ಹರಿದುಹಾಕಲು ಮಾಲೀಕರು ಹೇಳಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ನಾನು ಆ ಪುಟವನ್ನು ನಂಬಿದ್ದೆ. ನಿಮಗೆ ಇದು ತಮಾಷೆಯಾಗಿತ್ತೇ?

ಅದೇ ಪತ್ರದಲ್ಲಿ ಬರಕಟಕಿಯವರ ಹೆಂಡತಿ ಇನ್ನೊಂದು ಮಾತು ಬರೆದಿದ್ದಾರೆ. ಕೊರಕಲಿನಿಂದ ರಸ್ತೆಯವರೆಗೆ ಅವರ ಗಂಡನನ್ನು ನೀವು ಬೆನ್ನಮೇಲೆ ಹೊತ್ತಿರಂತೆ. ಬೇರೆ ಯಾರಿಗೂ ಕೊಡಲಿಲ್ಲವಂತೆ.

ಎಫ್. ನೊಂಗ್‌ರುಮ್

*

ಸೆಲ್ಫಾಯ್
15 ಡಿಸೆಂಬರ್ 1999

ಕಾಂಗ್,

ತಮಾಷೆಯಲ್ಲ. ಬರಕಟಕಿ ಮಾಸ್ತರರಿಗೂ ಬರೆದಿದ್ದೇನೆ. ಅವರು ಕ್ಷಮಿಸಬೇಕಾಗಿಲ್ಲ.

ನೀವು ‘ನಿಮ್ಮೂರು’ ಎಂದು ಕೇಳಿದಿರಿ. ನನ್ನೂರು ಸೆಲ್ಫಾಯ್ ಅಲ್ಲ. ಅದು ತ್ಲಾಂಗ್‌ಕಾನ್, ಇಲ್ಲಿಂದ ಅರ್ಧ ದಿನ ಹತ್ತಬೇಕು. ಮಿಜೋ ಬಂಡಾಯದ ಕಾಲದಲ್ಲಿ ಸೈನ್ಯದವರು ಬೆಟ್ಟದ ಊರುಗಳನ್ನೆಲ್ಲ ಖಾಲಿ ಮಾಡಿಸಿ ರಸ್ತೆಯ ಬದಿಗೆ ತಂದು ಗುಂಪು ಹಾಕಿದರು. ನಮ್ಮ ಸರದಿ ಬಂದದ್ದು ಅರವತ್ತೊಂಬತ್ತರ ಜನವರಿ. ನನಗೆ ಇಪ್ಪತ್ತೆರಡು. ಹೊರುವಷ್ಟನ್ನು ಹೊತ್ತುಕೊಂಡು ಮಧ್ಯಾಹ್ನದೊಳಗೆ ಹೊರಡಬೇಕು, ಮನೆಗಳು ಉಳಿಯಬಾರದು ಎಂದು ಅಪ್ಪಣೆ. ಬೆಂಕಿ ನಾವೇ ಇಡಬೇಕು.

ಎಲ್ಲರೂ ತಂತಮ್ಮ ಮನೆಗೆ ಇಟ್ಟರು. ನಮ್ಮ ಪಕ್ಕದ ಮನೆಯ ಪಿ ದಾರ್ಛುನಿ (ಗಂಡಸರಿಗೆ ಪು, ಹೆಂಗಸರಿಗೆ ಪಿ) ಮಾತ್ರ ಹೊಸ್ತಿಲ ಮೇಲೆ ಕೂತುಬಿಟ್ಟಳು. ಗಂಡ ಸತ್ತು ಮೂರು ತಿಂಗಳಾಗಿತ್ತು, ಮನೆ ಅವನು ಕಟ್ಟಿದ್ದು. ಅವಳು ಏಳುವವರೆಗೆ ಸಿಪಾಯಿಗಳು ಯಾರನ್ನೂ ಇಳಿಯಲು ಬಿಡಲಿಲ್ಲ. ಮಕ್ಕಳು ಹೊಗೆಗೆ ಕೆಮ್ಮುತ್ತಿದ್ದವು. ‘ಯಾರಾದ್ರೂ ಮುಗಿಸಿ’ ಎಂದರು ಹಿರಿಯರು. ಯಾರೂ ಮುಂದೆ ಹೋಗಲಿಲ್ಲ. ನಾನು ಹೋಗಿ ಹಿಂದಿನಿಂದ ಮಾಡಿಗೆ ಬೆಂಕಿ ಇಟ್ಟೆ. ಅವಳು ಎದ್ದು ಬಂದು ನನ್ನ ಮುಂದೆ ನಿಂತು, ‘ಕೈ ಚೆನ್ನಾಗಿ ಕಾಯ್ತಾ, ಕುಂಗಾ?’ ಎಂದಳು. ಅದೇ ಕೊನೆ. ಇಲ್ಲಿ ನನ್ನ ಮನೆಯಿಂದ ಐದನೆಯ ಮನೆಯಲ್ಲಿದ್ದಾಳೆ. ಚರ್ಚಿನಲ್ಲಿ ಎದುರು ಸಾಲು. ನನ್ನ ಹೆಂಡತಿ ತೀರಿಕೊಂಡಾಗ ಬಂದು ಮೂರು ದಿನ ಪಾತ್ರೆ ತೊಳೆದಳು. ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಹಿಂದಕ್ಕೆ ಹೋಗಬಹುದು ಎಂದರು. ಅಷ್ಟರಲ್ಲಿ ಇಲ್ಲಿ ಶಾಲೆ ಇತ್ತು, ರಸ್ತೆ ಇತ್ತು. ಯಾರೂ ಹೋಗಲಿಲ್ಲ. ಅದರ ಬಗ್ಗೆ ಯಾರೂ ಮಾತೂ ಆಡುವುದಿಲ್ಲ.

ನಿಮ್ಮ ಪತ್ರ ಬಂತು. ಮೂವತ್ತು ವರ್ಷದಲ್ಲಿ ನನ್ನನ್ನು ಆ ಊರಿನ ಬಗ್ಗೆ ಕೇಳಿದವರು ನೀವೊಬ್ಬರೇ. ‘ಇತ್ತು’ ಎಂದು ಬರೆಯಲು ಕೂತರೆ ಕೈ ಬರಲಿಲ್ಲ. ‘ಇದೆ’ ಎಂದು ಬರೆದೆ. ಆ ಗಂಡ ಹೆಂಡತಿ ಬಂದು ಪುಸ್ತಕ ತೆರೆದು ತೋರಿಸಿದಾಗ, ಇಲ್ಲ ಎನ್ನಬೇಕಿತ್ತು. ನನ್ನ ಬಾಯಿಂದ ಅದನ್ನು ಎರಡನೆಯ ಸಲ ಸುಡಲಾಗಲಿಲ್ಲ. ಅರ್ಧ ಗಂಟೆಯಲ್ಲಿ ದಾರಿ ಕಾಣದೆ ವಾಪಸ್ಸು ಬರುತ್ತಾರೆ ಎಂದುಕೊಂಡೆ.

ಪುಟ ಹರಿದುಹಾಕಿ. ಅದೇ ಸರಿ.

ಲಿಯಾನ್‌ಕುಂಗ

*

ಶಿಲ್ಲಾಂಗ್
27 ಮಾರ್ಚ್ 2000

ಪು ಲಿಯಾನ್‌ಕುಂಗ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ಏನು ಬರೆದರೂ ಸುಳ್ಳಾಗುತ್ತಿತ್ತು.

ಉಳಿದಿದ್ದ ನಾನೂರ ಎಂಬತ್ತು ಪ್ರತಿಗಳಿಂದ ಆ ಹಾಳೆಯನ್ನು ಅಡಿಪಟ್ಟಿ ಇಟ್ಟು ಹರಿದೆ. ಬೇರೆಯವರಿಗೆ ಆ ಕೆಲಸ ಕೊಡಲಿಲ್ಲ. ಒಂದು ಪ್ರತಿ ಬಿಟ್ಟೆ, ಅದು ನನ್ನ ಅಮ್ಮನ ದಿಂಬಿನ ಪಕ್ಕದಲ್ಲಿದೆ.

ನಾನು ಜಿರೋಗೆ ಹೋಗಿಲ್ಲ. ಮಾಜುಲಿಗೆ ಹೋಗಿಲ್ಲ. ಆ ಪುಸ್ತಕದ ಯಾವ ಊರಿಗೂ ಹೋಗಿಲ್ಲ. ನಮ್ಮಲ್ಲಿ ಕಿರಿಮಗಳಿಗೆ ಮನೆ ಬರುತ್ತದೆ, ಮನೆಯೊಂದಿಗೆ ಅಮ್ಮನೂ. ಅವಳು ಹಾಸಿಗೆ ಹಿಡಿದು ಹದಿನಾಲ್ಕು ವರ್ಷ. ನಾಲ್ಕು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ಪ್ರಕಾಶನದ ಕೆಲಸ ಮನೆಯಲ್ಲೇ ಮಾಡುತ್ತೇನೆ. ನಿಮ್ಮಂಥವರ ಪತ್ರಗಳು ಬರುತ್ತವೆ, ಸಂಜೆ ಅವಳಿಗೆ ಓದುತ್ತೇನೆ. ‘ಇವತ್ತು ಯಾವೂರಿಗೆ ಹೋಗಿದ್ದೆ, ಮಗೂ?’ ಎನ್ನುತ್ತಾಳೆ. ನಾನು ಹೋಗಿ ಬಂದವಳ ಹಾಗೆ ಹೇಳುತ್ತೇನೆ. ಅವಳಿಗೂ ಗೊತ್ತು. ಹಾಗೆ ಹೇಳುವುದು ಅಭ್ಯಾಸವಾಗಿ, ನಿಮಗೂ ಹೇಳಿದೆ.

ನಿಮ್ಮ ಡಿಸೆಂಬರ್ ಪತ್ರವನ್ನು ಅವಳಿಗೆ ಓದಲಿಲ್ಲ. ‘ಆ ಮಿಜೋ ಮನುಷ್ಯನ ಊರಿಗೇ ಹೋಗೋಣ ನಡಿ, ಬಂಡೆ ಬೆಚ್ಚಗಿದೆ’ ಎಂದು ಈಗಲೂ ಹೇಳುತ್ತಾಳೆ.

ನಿಮ್ಮನ್ನು ಬೈದ ಪತ್ರಕ್ಕೆ ಕ್ಷಮೆ ಇರಲಿ. ನನಗೆ ಆ ಹಕ್ಕಿರಲಿಲ್ಲ.

ಫಿಡಾಲಿಯಾ

*

ಸೆಲ್ಫಾಯ್
2 ಮೇ 2000

ಕಾಂಗ್,

ಮಾಜುಲಿಯ ವಿಷಯ ನನಗೆ ಆಗಲೇ ಗೊತ್ತಿತ್ತು. ನೀವು ದೋಣಿಯಲ್ಲಿ ಹೋದೆನೆಂದು ಬರೆದ ವಾರ ಬ್ರಹ್ಮಪುತ್ರದಲ್ಲಿ ಪ್ರವಾಹ, ದೋಣಿಗಳೆಲ್ಲ ನಿಂತಿವೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಓಹೋ, ಇವರೂ ನನ್ನ ಹಾಗೆಯೇ ಎಂದುಕೊಂಡೆ. ಆದ್ದರಿಂದಲೇ ಬಂಡೆಗೆ ಎಷ್ಟು ದೂರ ಎಂದು ನೀವು ಕೇಳಿದಾಗಲೂ ಧೈರ್ಯವಾಗಿ ಹಾಗೆ ಬರೆದದ್ದು. ನಿಮಗೂ ನನ್ನದು ತಿಳಿದೇ ಇದೆ ಎಂದು ಭಾವಿಸಿದ್ದೆ. ಅದು ನನ್ನ ತಪ್ಪು.

ಜನವರಿಯಿಂದ ಒಂದು ಕೆಲಸ ಹಿಡಿದಿದ್ದೇನೆ. ತ್ಲಾಂಗ್‌ಕಾನ್‌ಗೆ ದಾರಿ ಕಡಿಯುತ್ತಿದ್ದೇನೆ. ಮಂದಿರಕ್ಕೆ ಯಾರೂ ಬರುವುದಿಲ್ಲವಾದ್ದರಿಂದ ಹೊತ್ತಿದೆ. ಬೆಳಿಗ್ಗೆ ಕತ್ತಿ, ಅನ್ನದ ಪೊಟ್ಟಣ ಹಿಡಿದು ಹೋಗಿ ಮಧ್ಯಾಹ್ನ ಬರುತ್ತೇನೆ. ಮಾಸ್ತರರು ಬಿದ್ದ ಕೊರಕಲಿಗೆ ಮರದ ದಿಮ್ಮಿಗಳ ಸಂಕ ಹಾಕಿದೆ. ಊರಿನವರು ನಗುತ್ತಾರೆ. ‘ಯಾರಿಗೋ ಇದು ದಾರಿ? ಕಾಡುಹಂದಿಗಳಿಗೆ ಪರ್ಮಿಟ್ ಕೊಟ್ಟಿದೀಯಾ?’ ‘ಸ್ವರ್ಗಕ್ಕೆ ಅಡ್ಡದಾರಿ ಕಣೋ, ಅವನೊಬ್ಬನೇ ಹೋಗ್ತಾನಂತೆ.’ ಹಿರಿಯರು ನಗುವುದಿಲ್ಲ, ನೋಡಿ ಒಳಗೆ ಹೋಗುತ್ತಾರೆ.

ಹೋದ ಗುರುವಾರ ಮೇಲೆ ತಲುಪಿದೆ. ಬಂಡೆ ಇದೆ. ಪಾಚಿ ಕೆರೆದು ಕೂತೆ. ಕೆತ್ತಿದ ಕಲ್ಲುಗಳಲ್ಲಿ ಎರಡು ನಿಂತಿವೆ. ಒಸರು ಸಿಕ್ಕಲಿಲ್ಲ. ಉಳಿದದ್ದೆಲ್ಲ ಕಾಡು.

ನಿಮ್ಮ ಅಮ್ಮನಿಗೆ ಹೇಳಿ, ಬಂಡೆ ಬೆಚ್ಚಗೇ ಇದೆ. ಇದು ಸುಳ್ಳಲ್ಲ.

ಲಿಯಾನ್‌ಕುಂಗ

*

ಶಿಲ್ಲಾಂಗ್
11 ಸೆಪ್ಟೆಂಬರ್ 2000

ಪು ಲಿಯಾನ್‌ಕುಂಗ,

ಅಮ್ಮ ಆಗಸ್ಟ್ ಇಪ್ಪತ್ತಮೂರಕ್ಕೆ ಹೋದಳು. ನಿಮ್ಮ ಮೇ ಪತ್ರವನ್ನು ಓದಿ ಹೇಳಿದ್ದೆ. ‘ಸದ್ಯ, ಒಬ್ಬರಾದ್ರೂ ಹೋಗಿ ನೋಡ್ಕೊಂಡು ಬಂದ್ರಲ್ಲ’ ಎಂದಳು.

ಮನೆ ತುಂಬ ಬಂದಿದ್ದ ನೆಂಟರು ಹೋದರು. ಈಗ ನಾಲ್ಕು ಗಂಟೆಗೊಮ್ಮೆ ಸುಮ್ಮನೆ ಎದ್ದು ನಿಲ್ಲುತ್ತೇನೆ.

ನಾನು ಬರುತ್ತೇನೆ. ಮಳೆ ನಿಂತ ಮೇಲೆ, ಅಕ್ಟೋಬರ್ ಹದಿನೆಂಟರ ಸುಮೋದಲ್ಲಿ. ಪರ್ಮಿಟ್‌ಗೆ ಅರ್ಜಿ ಹಾಕಿದ್ದೇನೆ, ಅದಿಲ್ಲದೆ ಹೊರಗಿನವರನ್ನು ಮಿಜೋರಾಂ ಒಳಗೆ ಬಿಡುವುದಿಲ್ಲವಂತೆ.

ಫಿಡಾಲಿಯಾ

*

ಶಿಲ್ಲಾಂಗ್
6 ನವೆಂಬರ್ 2000

ಪು ಲಿಯಾನ್‌ಕುಂಗ,

ನೀವು ರಸ್ತೆಯಲ್ಲಿ ಕಾದಿರುತ್ತೀರಿ ಎಂದು ಗೊತ್ತು. ಎಷ್ಟು ದಿನ ಕಾದಿರಿ ಎಂದು ಕೇಳುವ ಧೈರ್ಯವಿಲ್ಲ.

ಸಿಲ್ಚಾರ್‌ವರೆಗೆ ಬಂದೆ. ಐಜಾಲ್ ಗಾಡಿಯಲ್ಲಿ ಚೀಲ ಇಟ್ಟು ಕೂತೂ ಆಗಿತ್ತು. ಪಕ್ಕದಲ್ಲಿದ್ದ ಹೆಂಗಸು, ‘ಎಲ್ಲಿಗೆ ಹೋಗ್ತಿದೀರಾ? ಅಲ್ಲಿ ಯಾರಿದಾರೆ ನಿಮಗೆ?’ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ. ಹದಿನಾಲ್ಕು ವರ್ಷ ಎಲ್ಲ ಊರುಗಳನ್ನೂ ಒಂದು ಕೋಣೆಯಿಂದ ನೋಡಿದವಳು ನಾನು. ಆ ಗಾಡಿಯಲ್ಲಿ ಮನುಷ್ಯರ ಮೈ, ಮಾತು, ವಾಸನೆ ಇಷ್ಟು ಹತ್ತಿರವಿರುತ್ತವೆ ಎಂಬುದು ಮರೆತೇ ಹೋಗಿತ್ತು. ಚೀಲ ಇಳಿಸಿಕೊಂಡೆ.

ಮನೆಗೆ ಬಂದು ಬೀಗ ತೆಗೆದಾಗ ಯಾರೂ ‘ಯಾವೂರಿಗೆ ಹೋಗಿದ್ದೆ’ ಎನ್ನಲಿಲ್ಲ.

ಇನ್ನು ಬರೆಯದಿದ್ದರೂ ತಪ್ಪು ತಿಳಿಯುವುದಿಲ್ಲ.

ಫಿಡಾಲಿಯಾ

*

ಸೆಲ್ಫಾಯ್
10 ಡಿಸೆಂಬರ್ 2000

ಕಾಂಗ್,

ಮೂರು ಗಾಡಿ ನೋಡಿದೆ. ಗಾಡಿ ಬರುವಾಗ ರಸ್ತೆಯಲ್ಲಿ ನಿಲ್ಲುವುದು ಹೇಗೂ ನನ್ನ ಕೆಲಸ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ನಾವಿಬ್ಬರೂ ಸುಳ್ಳು ಬಿಟ್ಟಿದ್ದೇವೆ. ನಿಮಗೆಂದು ತಂದ ಅಂಟಕ್ಕಿಯನ್ನು ಬೇಯಿಸಿ ಒಬ್ಬನೇ ತಿಂದೆ.

ಒಂದು ಸಂಗತಿ ನಡೆಯಿತು, ಬೇರೆ ಯಾರಿಗೂ ಹೇಳಲಾರೆ.

ಮಳೆಗಾಲದಲ್ಲಿ ದಾರಿ ಮುಚ್ಚಿಹೋಗಿತ್ತು. ನೀವು ಬರುತ್ತೀರೆಂದು ಮತ್ತೆ ಕಡಿದೆ. ನವೆಂಬರ್ ಕೊನೆಯ ಮಂಗಳವಾರ ಮೇಲೆ ಹೋಗಿ ನಮ್ಮ ಮನೆ ಇದ್ದ ಜಾಗ ಹುಡುಕುತ್ತಿದ್ದೆ. ಪೊದೆ ಕಡಿಯುತ್ತ ಕಡಿಯುತ್ತ ನಡುವೆ ನಿಂತಿದ್ದೇನೆ, ಹಿಂದೆ ಉಸಿರಿನ ಸದ್ದು. ತಿರುಗಿದರೆ ಪಿ ದಾರ್ಛುನಿ. ಅರವತ್ತರ ಹೆಂಗಸು, ಕೈಯಲ್ಲೊಂದು ಕೋಲು, ಒಬ್ಬಳೇ. ಸಂಕ ದಾಟಿ, ಆ ಏರು ಹತ್ತಿ ಬಂದಿದ್ದಾಳೆ. ನಾನು ಕತ್ತಿ ಕೆಳಗೆ ಹಾಕಿದೆ. ಅವಳು ನೆಲ ನೋಡಿದಳು, ಬೆಟ್ಟದ ಅಂಚು ನೋಡಿದಳು, ಬರ್ಮಾ ಕಡೆಗೆ ನೋಡಿ ಏನೋ ಅಳತೆ ಹಾಕಿದಳು. ಆಮೇಲೆ ಹೇಳಿದಳು:

‘ನಮ್ಮ ಒಲೆ ಮೇಲೆ ನಿಂತಿದೀಯ. ಈಚೆ ಬಾ.’

ಈಚೆ ಬಂದೆ. ಅವಳು ಕೋಲಿನಿಂದ ಕೆದಕಿದಳು, ಮೂರು ಕಲ್ಲು ಇದ್ದವು. ‘ಪಿ, ಅವತ್ತು...’ ಎಂದೆ. ‘ಗೊತ್ತು, ಮಕ್ಕಳು ಕೆಮ್ತಾ ಇದ್ವು’ ಎಂದಳು. ಕೋಲಿನ ತುದಿಯಿಂದ ಕಲ್ಲಿನ ಮೇಲಿನ ಮಣ್ಣು ಸರಿಸಿ, ‘ಆದ್ರೂ ನೀನು ಹೋಗಬಾರದಿತ್ತು’ ಎಂದಳು. ‘ಹೌದು’ ಎಂದೆ. ಅಷ್ಟೇ ಆದ ಮಾತು. ಅವಳು ಕಲ್ಲುಗಳ ಹತ್ತಿರ ಕೂತು ಅತ್ತಳು, ನಾನು ದೂರದಲ್ಲಿ ಕೂತಿದ್ದೆ. ಆಮೇಲೆ ಅನ್ನದ ಪೊಟ್ಟಣ ಬಿಚ್ಚಿ ಅರ್ಧ ಕೊಟ್ಟೆ. ಉಪ್ಪು ಕಡಿಮೆ ಎಂದಳು.

ಕಾಂಗ್, ಅವಳಿಗೆ ಅರ್ಧ ದಿನದ ದಾರಿಗೆ ಮೂವತ್ತೊಂದು ವರ್ಷ ಹಿಡಿಯಿತು. ನಿಮ್ಮದು ಎರಡು ದಿನದ ರಸ್ತೆ, ಅದರಲ್ಲಿ ಸಿಲ್ಚಾರ್‌ವರೆಗೆ ಬಂದಾಗಿದೆ. ಇನ್ನೊಮ್ಮೆ ಗಾಡಿಯಲ್ಲಿ ಯಾರಾದರೂ ಅಲ್ಲಿ ಯಾರಿದ್ದಾರೆ ಎಂದರೆ ನನ್ನ ಹೆಸರು ಹೇಳಿ.

ಇಳಿಯುವಾಗ ಅವಳು ಮುಂದೆ, ನಾನು ಹಿಂದೆ. ಎಲೆ ಬಿದ್ದು ಜಾರುವ ಕಡೆ ತಿರುಗಿ ನಿಂತು, ‘ಇಲ್ಲಿ ನೋಡ್ಕೊಂಡು ಕಾಲಿಡು’ ಎಂದು ಎರಡು ಸಲ ಹೇಳಿದಳು.

ಲಿಯಾನ್‌ಕುಂಗ